ಗುಡುಗುವ ಮನೆಬಸ್ಸು

“ನಾನು ಬರಲ್ಲ. ನೀವಿಬ್ಬರೇ ಹೋಗಿ ಬನ್ನಿ,” ಎಂದು ಅಜ್ಜಿ, ಒಂದು ಸುತ್ತು ಹೋಗಿ ಬಂದ ಬಸ್ಸಿನಿಂದ ಇಳಿದೇ ಬಿಟ್ಟಳು. ಇಳಿದವಳೇ ಚಪ್ಪಲಿ ಕಳಚಿ, ಬಿಸಿಯಾಗಿದ್ದ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ ನಿಂತಳು.

ಮೊಮ್ಮಗಳು ಚೂಟಿಗೆ ಅಳುವೇ ಬಂತು. ಶನಿವಾರ ಸಮುದ್ರಕ್ಕೆ ಹೊರಡಬೇಕು. ಅಜ್ಜಿ ಇಲ್ಲದ ಹತ್ತು ದಿನ ಅಂದರೆ ಕತೆಯಿಲ್ಲ, ಇಸ್ಪೀಟಿನಲ್ಲಿ ಮೋಸ ಮಾಡುವವರಿಲ್ಲ, ಅತ್ತೆ ಬೈದರೆ ಅಡಗಿಕೊಳ್ಳಲು ಒಂದು ಬೆನ್ನೂ ಇಲ್ಲ.

ಬಸ್ಸು ಅತ್ತೆಯದು. ಹಳೇ ಮಿನಿಬಸ್ಸೊಂದನ್ನು ಕೊಂಡು, ಒಳಗಿನ ಸೀಟು ಕಿತ್ತು, ಮಂಚ, ಸ್ಟವ್, ಪುಟಾಣಿ ಸಿಂಕು ಎಲ್ಲವನ್ನೂ ತಾನೇ ಜೋಡಿಸಿದ್ದಳು. ಮೂವರೂ ಅದನ್ನು ಮನೆಬಸ್ಸು ಎನ್ನುತ್ತಿದ್ದರು. ಅತ್ತೆಗೆ ಗಾಡಿಗಳ ಸೀಟು ಹೊಲಿಯುವ ಅಂಗಡಿ ಇದೆ. ಸೂಜಿ ಹಿಡಿದರೆ ಅವಳನ್ನು ಮೀರಿಸುವವರಿಲ್ಲ.

ತೊಂದರೆಯೆಲ್ಲ ಎಂಜಿನ್ನಿನದು. ಅದು ಡ್ರೈವರ್ ಪಕ್ಕದಲ್ಲೇ, ಒಂದು ತಗಡಿನ ಮುಚ್ಚಳದ ಕೆಳಗಿತ್ತು. ಹಿಂದೆ ಕೂತರೆ ಅಜ್ಜಿಗೆ ತಲೆ ಸುತ್ತು. ಮುಂದೆ ಕೂತರೆ ಕಾಲ ಬುಡದಲ್ಲಿ ಒಲೆ, ಕಿವಿಯ ಪಕ್ಕ ಗುಡುಗು.

“ಕಿವಿ ಮೆಷಿನ್ ಹಾಕ್ಕೊಂಡ್ರೆ ಎಂಜಿನ್ನೇ ತಲೆಯೊಳಗೆ ಕೂತ ಹಾಗಾಗುತ್ತೆ. ತೆಗೆದ್ರೆ ನೀವು ಮಾತಾಡೋದು ಒಂದೂ ಕೇಳ್ಸಲ್ಲ. ಹತ್ತು ದಿನ ಬೊಂಬೆ ಹಾಗೆ ಕೂತಿರೋಕೆ ನನ್ನಿಂದಾಗಲ್ಲಮ್ಮ,” ಎಂದಳು ಅಜ್ಜಿ.

“ಅಷ್ಟೇ ತಾನೇ? ಎರಡು ದಿನ ಕೊಡು,” ಎಂದಳು ಅತ್ತೆ. “ಆ ಎಂಜಿನ್‌ಗೆ ಕಂಬಳಿ ಹೊದಿಸಿ ಮಲಗಿಸಿಬಿಡ್ತೀನಿ.”

ಎರಡು ದಿನ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮುಚ್ಚಳದ ಒಳಗಿನ ಎಣ್ಣೆಜಿಡ್ಡನ್ನು ಚೂಟಿ ಉಜ್ಜಿ ಉಜ್ಜಿ ತೆಗೆದಳು. ಅತ್ತೆ ಪೇಪರಿನಲ್ಲಿ ಅಳತೆ ಕತ್ತರಿಸಿ, ಬೆಂಕಿ ಹಿಡಿಯದ ದಪ್ಪ ಫೋಮ್ ಅಂಟಿಸಿದಳು. ಅದರ ಮೇಲೆ ಬೆಳ್ಳಿಯ ಹಾಗೆ ಹೊಳೆಯುವ ಹಾಳೆ.

“ಹೊಳೆಯೋ ಮುಖ ಎಂಜಿನ್ ಕಡೆಗೇ ಇರ್ಬೇಕು. ಬಂದ ಬಿಸಿ ಬಂದ ದಾರೀಲೇ ವಾಪಸ್ ಹೋಗುತ್ತೆ,” ಎಂದಳು ಅತ್ತೆ. ಅಂಚುಗಳಂತೂ ಎಷ್ಟು ನೀಟಾಗಿದ್ದವೆಂದರೆ ಚೂಟಿ ಬೆರಳಾಡಿಸಿದರೂ ಒಂದು ಸುಕ್ಕು ಸಿಗಲಿಲ್ಲ.

ಗುರುವಾರ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡಿದರು. ಹತ್ತು ನಿಮಿಷ ಕಳೆದರೂ ಮುಚ್ಚಳ ಅಷ್ಟೇನೂ ಬಿಸಿಯಾಗಲಿಲ್ಲ. ಆದರೆ ಗುಡುಗು? ಅದು ಇದ್ದ ಹಾಗೇ ಇತ್ತು.

“ಇಷ್ಟು ಮೆತ್ತಗೆ ಮಾಡಿದೀನಿ, ಇನ್ನೇನು ಬೇಕಂತೆ ಇದಕ್ಕೆ?” ಅತ್ತೆ ಸ್ಟೀರಿಂಗ್ ಮೇಲೆ ತಲೆಯಿಟ್ಟಳು. ಅತ್ತೆ ಸೋತದ್ದನ್ನು ಚೂಟಿ ನೋಡಿದ್ದು ಅದೇ ಮೊದಲು.

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಒಳಗೆ ಹತ್ತಿ ಬಂದಳು. ಕಿವಿಯ ಮೆಷಿನ್ ತೆಗೆದು ಚೂಟಿಯ ಕೈಗೆ ಕೊಟ್ಟಳು. ಮುಚ್ಚಳದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು.

“ಅತ್ತೆ, ಅಜ್ಜಿಗೆ ಈಗ ಏನೂ ಕೇಳ್ಸಲ್ವಲ್ಲ,” ಎಂದಳು ಚೂಟಿ. ಅತ್ತೆ ಸುಮ್ಮನಿರು ಎಂದು ಕೈಸನ್ನೆ ಮಾಡಿದಳು.

ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ ಅಜ್ಜಿ ಇಂಚಿಂಚಾಗಿ ಕೈ ಸರಿಸುತ್ತ ಹೋದಳು. ನಡುವೆ ಒಂದು ಕಡೆ ನಿಲ್ಲಿಸಿದಳು. “ಇಲ್ಲಿ.” ಎರಡೂ ಕೈಯಿಂದ ಬಲವಾಗಿ ಅದುಮಿದಳು.

ಗುಡುಗು ಅರ್ಧಕ್ಕರ್ಧ ಇಳಿಯಿತು. ಕೈ ತೆಗೆದಳು, ಮತ್ತೆ ಗುಡುಗು.

ಅತ್ತೆ ಬಾಯಿ ಬಿಟ್ಟುಕೊಂಡು ನೋಡಿದಳು. ಅಜ್ಜಿ ಮೆಷಿನ್ ಹಾಕಿಕೊಂಡು ಎಂಜಿನ್ ನಿಲ್ಲಿಸಲು ಹೇಳಿದಳು.

“ಬಟ್ಟೆ ಮಿಲ್ಲಲ್ಲಿ ಇಪ್ಪತ್ತು ಮಗ್ಗ ನೋಡ್ಕೋತಿದ್ದೆ. ಆ ಗಲಾಟೇಲಿ ಕಿವಿ ಯಾವ ಕೆಲಸಕ್ಕೆ ಬರುತ್ತೆ? ಯಾವ ಮಗ್ಗ ಕೆಟ್ಟಿದೆ ಅಂತ ಕೈ ಇಟ್ಟೇ ಗೊತ್ತು ಮಾಡ್ಬೇಕು. ನೀನು ಸೀಟು ಹೊಲಿದ ಹಾಗೆ ಮಾಡಿದೀಯ ಕಣೇ. ಈ ತಗಡು ತೆಳು, ಡ್ರಮ್ ಹಾಗೆ ನಡುಗ್ತಾ ಇದೆ. ಮೊದಲು ಇದಕ್ಕೆ ಭಾರ ಕೊಡು. ಮೆತ್ತಗೆ ಮಾಡೋದು ಆಮೇಲೆ.”

ಚೂಟಿ ಅತ್ತೆಯ ಮುಖ ನೋಡಿದಳು. ಈಗ ಸಿಟ್ಟು ಬರುತ್ತೆ ಅಂದುಕೊಂಡಳು. ಅತ್ತೆಯೋ ಮುಚ್ಚಳ ಬಿಚ್ಚಿ, ಎರಡು ದಿನದ ಚೆಂದದ ಕೆಲಸವನ್ನು ಪರಪರ ಕಿತ್ತಳು. ಅಂಥ ಅತ್ತೆ ಎಷ್ಟು ಜನಕ್ಕಿರುತ್ತಾಳೆ?

ಮತ್ತೆ ಮೊದಲಿನಿಂದ ಶುರು. ತಗಡಿಗೆ ಡಾಂಬರಿನ ಭಾರವಾದ ಕಪ್ಪು ಹಾಳೆ ಅಂಟಿಸಿ, ಗಾಳಿ ಉಳಿಯದಂತೆ ಅಜ್ಜಿ ಲಟ್ಟಣಿಗೆಯಿಂದ ಒತ್ತಿದಳು. “ಈ ಲಟ್ಟಣಿಗೆ ಮತ್ತೆ ಅಡುಗೆಮನೆಗೆ ಬರಬಾರದು,” ಎಂದು ಅತ್ತೆಯ ಎಚ್ಚರಿಕೆ. ಅದರ ಮೇಲೆ ಹೊಸ ಫೋಮ್, ಹೊಳೆಯುವ ಹಾಳೆ. ಮುಚ್ಚಳ ಕೂರುವ ಕಡೆ ಸುತ್ತ ಒಂದು ರಬ್ಬರ್ ಪಟ್ಟಿ.

ಶುಕ್ರವಾರ ಸಂಜೆ, ಪರೀಕ್ಷೆಗೆಂದು ಮೂವರೂ ಒಂದು ಸುತ್ತು ಹೊರಟರು. “ನೀನು ಮಧ್ಯ ಕೂತ್ಕೊ. ಮುಚ್ಚಳದ ಮೇಲೆ ಕೈ ಇಟ್ಟಿರು. ಎಲ್ಲಾದ್ರೂ ನಡುಗಿದ್ರೆ ಹೇಳು,” ಎಂದು ಅಜ್ಜಿ ಚೂಟಿಗೆ ಕೆಲಸ ಕೊಟ್ಟಳು. ಹಾಗಾಗಿ ಕಿಟಕಿ ಸೀಟು ಅಜ್ಜಿಗೆ ಹೋಯಿತು.

ಬಸ್ಸು ಊರು ದಾಟಿ ದೊಡ್ಡ ರಸ್ತೆಗೆ ಬಂತು. ಚೂಟಿಯ ಅಂಗೈ ಕೆಳಗೆ ಸಣ್ಣದೊಂದು ಗುಂಯ್, ಅಷ್ಟೇ. ಅತ್ತೆ ರಸ್ತೆ ನೋಡುತ್ತಲೇ ಗೊಣಗಿದಳು. “ಈ ವಿಷಯ ಅಂಗಡೀಲಿ ಯಾರಿಗೂ ಹೇಳ್ಬೇಡ ಚೂಟಿ. ಹದಿನೈದು ವರ್ಷದ ಮರ್ಯಾದೆ ಹೋಗುತ್ತೆ.”

“ನಾನಂತೂ ಎಲ್ಲರಿಗೂ ಹೇಳ್ತೀನಪ್ಪ,” ಎಂದಳು ಅಜ್ಜಿ.

ಅತ್ತೆ ನಕ್ಕಳು. ಚೂಟಿ ನಗಲಿಲ್ಲ. ಅವಳು ಅಜ್ಜಿಯನ್ನೇ ನೋಡುತ್ತಿದ್ದಳು. ಅಜ್ಜಿಯ ಮುಖ ಇದ್ದದ್ದು ಕಿಟಕಿಯ ಕಡೆಗೆ.

ಯಾವ ಬಸ್ಸಿನಲ್ಲಿ ಹೋದರೂ ಅಜ್ಜಿ ಹೊರಗೆ ನೋಡುತ್ತಲೇ ಇರಲಿಲ್ಲ. ದಾರಿಯುದ್ದಕ್ಕೂ ಇವರಿಬ್ಬರ ಮುಖವನ್ನೇ ನೋಡುತ್ತ ಕೂರುತ್ತಿದ್ದಳು. ಅಜ್ಜಿಗೆ ಮರ, ಬೆಟ್ಟ ಎಲ್ಲ ಬೇಜಾರು ಅಂದುಕೊಂಡು, ಕಿಟಕಿ ಸೀಟನ್ನು ಚೂಟಿ ಪ್ರತಿ ಸಲ ತಾನೇ ಹಿಡಿಯುತ್ತಿದ್ದಳು. ತುಟಿ ನೋಡದಿದ್ದರೆ ಮಾತು ತಪ್ಪಿಹೋಗುತ್ತದೆ ಎಂದು ಅಜ್ಜಿ ಒಂದು ದಿನವೂ ಹೇಳಿರಲಿಲ್ಲ.

ಹೊರಗೆ ಹೊಲಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಅಜ್ಜಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ನಾಳೆ ಎಷ್ಟು ಹೊತ್ತಿಗೆ ಹೊರಡೋದು?” ಎಂದು ಕೇಳಿದಳು.

“ಐದು ಗಂಟೆಗೆ,” ಎಂದಳು ಚೂಟಿ, ಮೆಲ್ಲಗೆ.

ಅಜ್ಜಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ತಲೆಯಾಡಿಸಿದಳು.