ಕಹಿಯಾಗಿದ್ದ ಉಪ್ಪು

"ನಮ್ಮಮ್ಮನಿಗೆ ಏನು ತಿನ್ನಿಸಿದ್ರಿ? ಹೇಳ್ರೀ!"

ಇಷ್ಟು ದಿನ ಫೋನಿನಲ್ಲಷ್ಟೇ ಕೇಳಿದ್ದ ದನಿ. ಆ ದನಿಯವನನ್ನು ಅವಳು ಮೊದಲ ಸಲ ಕಣ್ಣಾರೆ ಕಂಡದ್ದು ಹೀಗೆ, ತುರ್ತು ವಾರ್ಡಿನ ಬಾಗಿಲಲ್ಲಿ. ಈ ಭೇಟಿಯ ಬಗ್ಗೆ ಎಷ್ಟೆಲ್ಲ ಕನಸು ಕಟ್ಟಿದ್ದಳು ಪಾಪ! ಈಗ ನೋಡಿದರೆ ಕುಸಿದುಬಿದ್ದ ಅವನ ಅಮ್ಮನನ್ನು ಕರೆತರುವ ಗಾಬರಿಯಲ್ಲಿ ಎಣ್ಣೆ ಕಲೆಯ ಏಪ್ರನ್‌ ಕೂಡ ಬಿಚ್ಚದೆ ಓಡಿ ಬಂದಿದ್ದಾಳೆ.

ಅವನು ಬಸ್ ಡ್ರೈವರ್. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಬರುವುದು ಸಂಜೆಗೆ. ಎರಡೂ ಕಿಡ್ನಿ ಸೋತಿದ್ದ ಅವನ ಅಮ್ಮನಿಗೆ ಹಗಲು ಅಡುಗೆ ಮಾಡಿಕೊಟ್ಟು, ಅವನು ಬರುವ ಮೊದಲೇ ಹೊರಡುವವಳು ಇವಳು. ಪೊಟ್ಯಾಸಿಯಂ ಇಳಿಯಲೆಂದು ತರಕಾರಿ ಬೇಯಿಸಿದ ನೀರನ್ನು ಬಸಿದು ಚೆಲ್ಲಬೇಕು, ಉಪ್ಪು ಚಿಟಿಕೆಯಷ್ಟೇ. ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದಳು.

"ಅಮ್ಮ ಊಟ ಮಾಡಿದ್ರಾ?" ಎಂದು ಮಧ್ಯಾಹ್ನ ಅವನ ಫೋನ್ ಬರುತ್ತಿತ್ತು. ಮಾತು ಮೆಲ್ಲಗೆ "ನಿಮ್ಮದಾಯ್ತಾ?"ಗೆ ಬಂತು. ಆಮೇಲಾಮೇಲೆ ಫೋನ್ ಇಡಲು ಇಬ್ಬರಿಗೂ ಮನಸ್ಸೇ ಬರುತ್ತಿರಲಿಲ್ಲ. ಈಗ ಅದೇ ದನಿ ಗುಡುಗುತ್ತಿತ್ತು.

"ರಕ್ತದಲ್ಲಿ ಪೊಟ್ಯಾಸಿಯಂ ಏರಿದೆಯಂತೆ! ಹೃದಯ ನಿಂತು ಹೋಗಬಹುದಂತೆ! ತರಕಾರಿ ನೀರು ಬಸಿಯೋಕೂ ಸೋಮಾರಿತನ ಅಲ್ವಾ ನಿಮಗೆ?"

"ಇಲ್ಲ... ದೇವರಾಣೆ ಇಲ್ಲ..."

"ನಿಮ್ಮನ್ನ ನಂಬಿದ್ದೇ ನನ್ನ ತಪ್ಪು. ಹೋಗಿ ಇಲ್ಲಿಂದ!"

ಅವಳು ಹೋಗಲಿಲ್ಲ. ಗೋಡೆಗೊರಗಿ ಕುಳಿತಳು. 'ನನ್ನನ್ನ ಬೈಯಲಿ, ಜನ್ಮದಲ್ಲಿ ಮುಖ ನೋಡದೇ ಇರಲಿ... ಅಮ್ಮ ಉಳಿದರೆ ಸಾಕು.'

ಅಷ್ಟರಲ್ಲಿ ಡಾಕ್ಟರ್ ಹೊರಬಂದರು. "ಅಡುಗೆ ಮಾಡೋರು ಯಾರು? ಈಚೆಗೆ ಏನಾದ್ರೂ ಬದಲಾಯ್ತಾ? ಯೋಚಿಸಿ ಹೇಳಿ."

"ಏನೂ ಇಲ್ಲ ಮೇಡಂ... ಉಪ್ಪು ಮಾತ್ರ ಸ್ವಲ್ಪ ಕಹಿ ಅನ್ನಿಸ್ತಿತ್ತು. ನೆಗಡಿಯಾಗಿತ್ತು, ನನ್ನ ನಾಲಿಗೆನೇ ಕೆಟ್ಟಿದೆ ಅಂದ್ಕೊಂಡೆ."

ಅವನ ಮುಖ ಬಿಳಿಚಿಕೊಂಡಿತು.

"ಆ ಉಪ್ಪು... ನಾನು ತಂದಿದ್ದು. ಸೋಡಿಯಂ ಕಮ್ಮಿ ಇರೋದು ಆರೋಗ್ಯಕ್ಕೆ ಒಳ್ಳೇದು ಅಂತ ಮೊಬೈಲಲ್ಲಿ ನೋಡಿದ್ದೆ. ಯಾರಿಗೂ ಹೇಳದೆ ಡಬ್ಬಿಗೆ ತುಂಬಿದೆ. ಸಪ್ಪೆ ಊಟ ಸೇರಲ್ಲ ಅಂತ ಅಮ್ಮ ಅಳ್ತಿದ್ರು... ರಾತ್ರಿ ಬಡಿಸುವಾಗ ಧಾರಾಳವಾಗಿ ಮೇಲೆ ಉದುರಿಸ್ತಿದ್ದೆ ಡಾಕ್ಟರ್!"

"ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ಸೋತವರಿಗೆ ಅದು ವಿಷ. ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?" ಎನ್ನುತ್ತಲೇ ಡಾಕ್ಟರ್ ಒಳಗೆ ಧಾವಿಸಿದರು.

ಅವನು ಬೆಂಚಿನ ಮೇಲೆ ಕುಳಿತು ಮುಖ ಮುಚ್ಚಿಕೊಂಡು ಬಿಕ್ಕಿದ. "ನನ್ನ ಕೈಯಾರೆ... ಹೆತ್ತ ತಾಯಿಗೆ..."

ಅವನಾಡಿದ ಮಾತಿಗೆ ಅವಳೂ ಈಗ ನಾಲ್ಕು ಮಾತು ಆಡಿಬಿಡಬಹುದಿತ್ತು. ಬದಲಿಗೆ ಪಕ್ಕದಲ್ಲಿ ಬಂದು ಕುಳಿತಳು.

"ನಾನೂ ಬಾಯಿ ಬಿಡಲಿಲ್ಲ. ರುಚಿ ತಿಳೀತಿಲ್ಲ ಅಂದ್ರೆ ರಜಾ ತಗೊಳ್ಳಿ ಅಂತೀರಿ. ಆಮೇಲೆ ಮಧ್ಯಾಹ್ನ ನಿಮ್ಮ ಫೋನ್ ಬರಲ್ಲ ಅಂತ... ಸುಮ್ಮನಿದ್ದುಬಿಟ್ಟೆ!"

ಅವನು ತಲೆಯೆತ್ತಿ ನೋಡಿದ. ಹೇಳಬಾರದೆಂದುಕೊಂಡಿದ್ದೆಲ್ಲ ಆ ಒಂದು ಮಾತಿನಲ್ಲಿ ಹೊರಬಿದ್ದಿತ್ತು. ಅವಳು ನಾಚಲಿಲ್ಲ, ಅಳುತ್ತಿದ್ದಳು.

ಗಂಟೆಗಳೇ ಉರುಳಿದವು. ಕೊನೆಗೂ ಬಾಗಿಲು ತೆರೆಯಿತು.

"ಡಯಾಲಿಸಿಸ್ ಆಯ್ತು, ಎದೆಬಡಿತ ಹಿಡಿತಕ್ಕೆ ಬಂದಿದೆ. ಅಪಾಯ ದಾಟಿದ್ರು," ಎಂದರು ನರ್ಸ್. "ಎಚ್ಚರ ಇದೆ, ಹೋಗಿ ನೋಡಬಹುದು."

ಅವನು ಎದ್ದ. ಎದ್ದವನು ಅಲ್ಲೇ ನಿಂತ.

"ಆಡಬಾರದ ಮಾತು ಆಡಿದೆ ನಿಮಗೆ. ಯಾವ ಮುಖ ಇಟ್ಕೊಂಡು ಮತ್ತೆ ಅಡುಗೆಗೆ ಬನ್ನಿ ಅನ್ನಲಿ?"

"ನನಗೂ ಇನ್ನು ಉಪ್ಪಿನ ಡಬ್ಬಿ ಮುಟ್ಟೋಕೆ ಧೈರ್ಯ ಬರಲ್ಲ ರೀ..."

"ನಾನು ಪಕ್ಕದಲ್ಲಿ ನಿಂತಿರ್ತೀನಿ. ಅಡುಗೆಯವರಾಗಿ ಬರಬೇಡಿ... ನನ್ನವರಾಗಿ ಬರ್ತೀರಾ?"

ಅವಳು ಕಣ್ಣೊರೆಸಿಕೊಂಡಳು. "ಮೊದಲು ಒಳಗೆ ಹೋಗಿ, ನಡೆದಿದ್ದೆಲ್ಲ ಅಮ್ಮನಿಗೆ ಹೇಳಿ."

"ಒಬ್ಬನೇ ಹೋಗೋಕೆ ಭಯ ಆಗುತ್ತೆ."

"ಒಬ್ಬರೇ ಹೋಗಿ ಅಂತ ಯಾರಂದ್ರು?" ಅವಳು ಅವನ ಕೈ ಹಿಡಿದಳು. "ನಡೀರಿ. ಬೈಸಿಕೊಳ್ಳೋದ್ರಲ್ಲಿ ನನಗೂ ಅರ್ಧ ಪಾಲಿದೆ."