ಐಡ್ಲಿಂಗಿಗೆ ನಿಲ್ಲದ ಇಂಜಿನ್

ಮೆಕ್ಯಾನಿಕ್ ಮೂರನೆಯ ಸಲ ಬಂದಾಗ ಅವಳು ಹುಟ್ಟು ಹಾಕುತ್ತ ದೋಣಿಯನ್ನು ದಡಕ್ಕೆ ತರುತ್ತಿದ್ದಳು.

"ಮತ್ತೆ ಆಫ್ ಆಯ್ತಾ?"

"ರೇಸ್ ಕೊಟ್ರೆ ಚೆನ್ನಾಗೇ ಓಡುತ್ತೆ. ದಡ ಬಂತು ಅಂತ ಕಮ್ಮಿ ಮಾಡಿದ್ರೆ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತೆ. ನಿಮ್ಮ ರಿಪೇರಿ ಕಂಡು ದೋಣೀಲಿ ಕೂತವರೆಲ್ಲ ನಗ್ತಾರೆ."

"ನೀವೂ ನಕ್ಕಿರಾ?"

"ಹುಟ್ಟು ಹಾಕೋಳಿಗೆ ನಗೋಕೆ ಉಸಿರೆಲ್ಲಿ?"

ಹಗ್ಗ ಕಟ್ಟುವ ನೆಪದಲ್ಲಿ ಅವಳು ಮುಖ ತಿರುಗಿಸಿದಳು. ತುಟಿಯಂಚಿನ ನಗುವನ್ನು ಮಾತ್ರ ಅಡಗಿಸಲಾಗಲಿಲ್ಲ. ಅವನು ಅದನ್ನು ನೋಡಿದ, ನೋಡದವನಂತೆ ಪಾನಾ ಹುಡುಕಿದ.

ಗಂಡ ತೀರಿಕೊಂಡ ಮೇಲೆ ಈ ದೋಣಿ ಅವಳದ್ದು. ಜನರನ್ನು ಆಚೆ ದಡಕ್ಕೆ ಬಿಡುವುದು, ಈಚೆಗೆ ತರುವುದು. ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಹೋದ ಸಲ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ, ಪ್ಲಗ್ ಬದಲಿಸೋಣವಾ ಎನ್ನುವಷ್ಟೇ ಸಲೀಸಾಗಿ ಕೇಳಿದ್ದ: "ನಾವಿಬ್ರೂ ಮದುವೆ ಆಗೋಣ್ವಾ?"

"ಮೊದಲು ಇಂಜಿನ್ ಸರಿಯಾಗಲಿ," ಎಂದಿದ್ದಳು.

ಇಂಜಿನ್ನಿಗೂ ಆ ಮಾತಿಗೂ ಸಂಬಂಧವಿರಲಿಲ್ಲ. ಒಬ್ಬನೇ ಮಗನನ್ನು ಕಳೆದುಕೊಂಡ ಅತ್ತೆಯ ಮುಂದೆ ನಿಂತು ಇದನ್ನು ಹೇಗೆ ಹೇಳುವುದು? ಮಗನೂ ಹೋದ, ಸೊಸೆಯೂ ಹೊರಟಳು ಎಂದುಕೊಂಡರೆ? ಹೇಳಬೇಕೆಂದು ಹತ್ತಿರ ಹೋಗುತ್ತಿದ್ದಳು, ಸಾರಿಗೆ ಉಪ್ಪು ಸರಿಯಿದೆಯಾ ಎಂದು ಕೇಳಿ ಬರುತ್ತಿದ್ದಳು.

ಅವನು ಇಂಜಿನ್ ಮುಚ್ಚಳ ತೆಗೆದ. ಮೊದಲ ಸಲ ಕಾರ್ಬೊರೇಟರ್ ಬಿಚ್ಚಿ, ರೇಸ್ ಇಳಿಸಿದಾಗ ಪೆಟ್ರೋಲು ಹರಿಸುವ ಐಡ್ಲಿಂಗ್ ಜೆಟ್ಟಿನ ಕೂದಲೆಳೆಯಂಥ ತೂತಿನ ಕಸವನ್ನು ಊದಿ ತೆಗೆದಿದ್ದ. ಎರಡನೆಯ ಸಲ ಗ್ಯಾಸ್ಕೆಟ್ ಬದಲಿಸಿ, ಎಲ್ಲಿಂದಲೂ ಗಾಳಿ ನುಸುಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೊಸ ಪ್ಲಗ್ ಹಾಕಿದ್ದ. ಈಗ ಅದನ್ನು ಬಿಚ್ಚಿದರೆ ಕಪ್ಪಗೆ, ಜಿಡ್ಡುಜಿಡ್ಡಾಗಿ ಒದ್ದೆಯಾಗಿತ್ತು. ಟ್ಯಾಂಕಿನ ಪೈಪಿನಿಂದ ಒಂದು ಹನಿ ಬೀಳಿಸಿಕೊಂಡು ಬೆರಳಲ್ಲಿ ಉಜ್ಜಿದ.

"ಪೆಟ್ರೋಲಿಗೆ ಆಯಿಲ್ ಎಷ್ಟು ಹಾಕ್ತೀರಿ?"

"ನೀವು ಗೆರೆ ಎಳೆದು ಕೊಟ್ಟ ಲೋಟದಲ್ಲೇ. ಗೆರೆ ದಾಟಲ್ಲ."

"ಯಾರೋ ದಾಟಿದಾರೆ. ಮುಟ್ಟಿ ನೋಡಿ."

ಅವಳು ಪೈಪಿಗೆ ಕೈ ಹಾಕಲಿಲ್ಲ. ಅವನ ಬೆರಳ ತುದಿಯನ್ನೇ ಮುಟ್ಟಿದಳು. ಜಿಡ್ಡು ಹೌದು. ಗೊತ್ತಾದ ಮೇಲೂ ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಏನು, ಕೈ ನೋಡಿ ಭವಿಷ್ಯ ಹೇಳ್ತಿದೀರಾ?"

ಅತ್ತೆ ಎರಡು ಲೋಟ ಚಹಾ ಹಿಡಿದು ದಡದಂಚಿನ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಮೆಕ್ಯಾನಿಕ್ ತಡಬಡಾಯಿಸಿ ಎದ್ದ.

"ಅಲ್ಲಮ್ಮ, ಆಯಿಲ್... ಟ್ಯಾಂಕಿಗೆ ಬೇರೆ ಯಾರಾದ್ರೂ ಆಯಿಲ್ ಹಾಕ್ತಾರಾ?"

"ಬೇರೆಯವರು ಯಾಕೆ ಹಾಕ್ತಾರೆ? ನಾನೇ ಹಾಕ್ತೀನಿ. ದಿನಾ ಬೆಳಗ್ಗೆ, ಇವಳು ಸ್ನಾನಕ್ಕೆ ಹೋದಾಗ."

"ಅತ್ತೆ! ನಾನೂ ಹಾಕ್ತೀನಲ್ಲ."

"ನನಗೇನು ಗೊತ್ತು? ಆಯಿಲ್ ಕಮ್ಮಿಯಾದ್ರೆ ನಡುನೀರಲ್ಲಿ ಇಂಜಿನ್ ಹಿಡ್ಕೊಳ್ಳುತ್ತೆ ಅಂತ ಮಗ ಹೇಳ್ತಿದ್ದ. ನೀನು ಒಬ್ಬಳೇ ಹೋಗ್ತೀಯ. ಕೇಳಿದ್ರೆ, ಅತ್ತೆಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಬೇಜಾರು ಮಾಡ್ಕೊಳ್ತೀಯೇನೋ ಅಂತ ಸುಮ್ಮನಿದ್ದೆ."

ಮೆಕ್ಯಾನಿಕ್ ಮೆಲ್ಲಗೆ ಹೇಳಿದ: "ಜೋರಾಗಿ ಓಡುವಾಗ ಹೇಗೋ ಸುಟ್ಟು ಹೋಗುತ್ತಮ್ಮ. ನಿಧಾನ ಮಾಡಿದಾಗ ಪ್ಲಗ್ಗಿಗೆ ಮೆತ್ಕೊಂಡು ಉಸಿರು ಕಟ್ಟಿಸುತ್ತೆ. ಅಷ್ಟೇ."

ಟ್ಯಾಂಕ್ ಖಾಲಿ ಮಾಡಿ, ಗೆರೆಯವರೆಗೆ ಅಳೆದು ಹೊಸದಾಗಿ ಬೆರೆಸಿದ. ಬೇರೆ ಪ್ಲಗ್ ಹಾಕಿ, ಸ್ಟಾರ್ಟ್ ಮಾಡುವ ಹಗ್ಗ ಎಳೆದ. ಇಂಜಿನ್ ಬೆಚ್ಚಗಾಗುವವರೆಗೆ ಕಾದು, ಐಡ್ಲಿಂಗ್ ಸ್ಕ್ರೂವನ್ನು ಒಂಚೂರು ಆ ಕಡೆ, ಒಂಚೂರು ಈ ಕಡೆ ತಿರುಗಿಸಿದ. ರೇಸ್ ಪೂರ್ತಿ ಇಳಿಸಿದ. ಮೂವರೂ ಕಿವಿಗೊಟ್ಟರು. ಅದು ಕೆಮ್ಮಲಿಲ್ಲ. ಒಂದೇ ಸಮ, ಸಣ್ಣಗೆ ಬಡಿದುಕೊಳ್ಳುತ್ತ ನಿಂತಿತು.

"ಇನ್ನು ನಾನು ಬರೋ ಅಗತ್ಯ ಬೀಳಲ್ಲ," ಎಂದು ಅವನು ಪಾನಾಗಳನ್ನು ಚೀಲಕ್ಕೆ ತುಂಬತೊಡಗಿದ. ಅವಳ ಕಡೆ ನೋಡಲಿಲ್ಲ.

ಅವಳು ಅತ್ತೆಯ ಕೈಯಿಂದ ಚಹಾ ಲೋಟ ತೆಗೆದುಕೊಂಡಳು. ತನಗೆ ಬೇಜಾರಾದೀತೆಂದು ಅವರು ಬಚ್ಚಿಟ್ಟರು; ಅವರಿಗೆ ಬೇಜಾರಾದೀತೆಂದು ತಾನೂ ಅದನ್ನೇ ಮಾಡುತ್ತಿದ್ದೇನೆ ಎನಿಸಿತು.

"ಅತ್ತೆ, ಇವರು ನನ್ನನ್ನ ಕೇಳಿದಾರೆ."

"ಏನು ಕೇಳಿದಾರೆ, ಸ್ಕ್ರೂಡ್ರೈವರಾ?"

"ಮದುವೆ ಆಗೋಣ್ವಾ ಅಂತ. ನನಗೂ ಇಷ್ಟ."

ಅತ್ತೆ ಇನ್ನೊಂದು ಲೋಟವನ್ನು ಮೆಟ್ಟಿಲ ಮೇಲಿಟ್ಟರು. ಆಮೇಲೆ ಅವನ ಕಡೆ ತಿರುಗಿದರು. "ಕರ್ಕೊಂಡು ಹೋಗ್ತೀರಾ ಇವಳನ್ನ?"

"ಎಲ್ಲಿಗಮ್ಮ? ನಂದು ಶೆಡ್ಡಿನ ಮೇಲೆ ಒಂದೇ ರೂಮು. ಮೂರು ಜನಕ್ಕೆ ಸಾಕಾಗಲ್ಲ. ನೀವು ಬೇಡ ಅನ್ನದೆ ಇದ್ರೆ ನಾನೇ ಇಲ್ಲಿಗೆ ಬರ್ತೀನಿ."

ಮೂರು ಜನ ಎಂದದ್ದು ಅತ್ತೆಯ ಕಿವಿಗೆ ಬಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡರು. ಒಳಗೆ ಹೋಗಿ ಆಯಿಲ್ ಡಬ್ಬ ತಂದು ಅವನ ಕೈಗಿಟ್ಟರು.

"ಇದು ಇನ್ನು ನಿಮ್ಮ ಹತ್ರನೇ ಇರಲಿ. ನನ್ನ ಕೈ ಸುಮ್ಮನಿರಲ್ಲ."

ಮೆಟ್ಟಿಲು ಹತ್ತುತ್ತ ತಿರುಗಿ ನೋಡಿದರು. ಇಬ್ಬರೂ ಡಬ್ಬ ಹಿಡಿದುಕೊಂಡೇ ನಿಂತಿದ್ದರು.

"ಇಂಜಿನ್ ಆಫ್ ಮಾಡ್ರಪ್ಪ. ಪೆಟ್ರೋಲು ಸುಮ್ಮನೆ ಉರೀತಿದೆ."