ಎದ್ದು ಹೋದ ಸದಸ್ಯ

"ಇದಕ್ಕೆ ಕಳಿಸಬೇಡಿ."

ತಲೆ ಎತ್ತದೆ ಅಷ್ಟು ಹೇಳಿ, ಅವಳು ಕೊಟ್ಟ ಲೇಖನದ ಮೇಲಿದ್ದ, ಪತ್ರಿಕೆಯ ಹೆಸರಿನ ಹಾಳೆಯನ್ನು ಅವನು ಮೇಜಿನ ಮೇಲೆ ಹಿಂದಕ್ಕೆ ಸರಿಸಿದ.

ಅವಳ ಕಿವಿ ಬಿಸಿಯಾಯಿತು.

ಅದು ಆಸ್ಪತ್ರೆಯ ಎರಡನೇ ಮಹಡಿಯ ಗ್ರಂಥಾಲಯ. ಕಿಟಕಿಯ ಪಕ್ಕದ ಮೇಜಿನ ಮೇಲೆ 'ಸಂಶೋಧನೆಗೆ ಸಹಾಯ' ಎಂದು ಬರೆದ ಪುಟ್ಟ ಫಲಕವಿತ್ತು. ಅದನ್ನು ನಂಬಿಕೊಂಡೇ ಅವಳು ಊಟದ ಬಿಡುವಿನಲ್ಲಿ ಊಟ ಬಿಟ್ಟು ಓಡಿ ಬಂದಿದ್ದಳು. ಸಹಾಯ ಎಂದರೆ ಇದೇನಾ?

"ಯಾಕೆ ಕಳಿಸಬಾರದು? ಮೂರೇ ದಿನದಲ್ಲಿ ಪ್ರಕಟಿಸ್ತೀವಿ ಅಂತ ಆ ಪತ್ರಿಕೆಯವರೇ ಮೇಲ್ ಮಾಡಿದಾರೆ. ನನ್ನನ್ನ 'ಗೌರವಾನ್ವಿತ ವಿದ್ವಾಂಸರೇ' ಅಂತ ಕರೆದಿದಾರೆ."

"ಮೆಲ್ಲಗೆ," ಎಂದ ಗ್ರಂಥಪಾಲಕ. "ಓದೋರು ಇದಾರೆ."

ಎಂಥ ಮನುಷ್ಯ ಇವನು... ಕಲ್ಲಿನ ಹತ್ತಿರ ಮಾತಾಡಿದ ಹಾಗಿದೆ, ಅಂದುಕೊಂಡಳು.

ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದ. "ಸಂಪಾದಕ ಮಂಡಳಿಯಲ್ಲಿ ಮೂರನೇ ಹೆಸರು ನೋಡಿ. ಅವರು ನನಗೆ ಪಾಠ ಹೇಳಿದ ಮೇಷ್ಟ್ರು."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ."

"ಅವರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಮಣ್ಣಿಗೆ ನಾನೇ ಹೋಗಿದ್ದೆ."

ಪಕ್ಕದ ಮೇಜಿನಲ್ಲಿ ಓದುತ್ತಿದ್ದ ಒಬ್ಬಳು ಕಿಸಕ್ಕನೆ ನಕ್ಕಳು. ಇವಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

"ಬೆಳ್ಳಗಿರೋದೆಲ್ಲ ಹಾಲಲ್ಲ," ಎಂದ ಅವನು, ಈ ಸಲ ಸ್ವಲ್ಪ ಮೃದುವಾಗಿ. "ಲೇಖನ ಓದದೇ ಹೊಗಳೋರನ್ನ ನಂಬಬೇಡಿ."

"ಓದದೇ ಬೇಡ ಅನ್ನೋರನ್ನ ನಂಬಬಹುದಾ?"

"ನಾನು ಬೇಡ ಅಂದಿದ್ದು ಪತ್ರಿಕೆಯನ್ನ. ಲೇಖನ ಓದ್ತಾ ಇದೀನಿ. ಮೂರನೇ ಪುಟದಲ್ಲಿದೀನಿ. ಚೆನ್ನಾಗಿದೆ... ಕೂತ್ಕೊಳ್ಳಿ."

ಆಗ ಮಾತ್ರ ಅವನು ತಲೆ ಎತ್ತಿದ. ಕಣ್ಣಲ್ಲಿ ಕೊಂಕಿರಲಿಲ್ಲ. ಅವಳು ಕೂತಳು.

ಅವಳು ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಹೊಡೆದು ಮಲಗಿದವರನ್ನು ಎಬ್ಬಿಸಿ, ಕೂರಿಸಿ, ನಡೆಸುವುದು ಅವಳ ಕೆಲಸ. ರೋಗಿ ಮನೆಗೆ ಹೊರಟಾಗ ಮನೆಯವರನ್ನು ಕರೆದು, ಹಾಸಿಗೆಯಿಂದ ಕುರ್ಚಿಗೆ ಎತ್ತುವುದು ಹೇಗೆಂದು ತೋರಿಸುತ್ತಿದ್ದಳು. "ಬೆನ್ನು ಬಗ್ಗಿಸಬೇಡಿ, ಮೊಣಕಾಲು ಬಗ್ಗಿಸಿ" ಎಂದು ದಿನಕ್ಕೆ ನೂರು ಸಲ ಹೇಳಿ ಹೇಳಿ, ವಾರ್ಡಿನಲ್ಲಿ ಅವಳ ಹೆಸರೇ ಮೊಣಕಾಲು ಮೇಡಂ ಎಂದಾಗಿತ್ತು.

ಆದರೆ ತೋರಿಸಲು ಸಿಗುತ್ತಿದ್ದುದು ಹತ್ತು ನಿಮಿಷ. ಆರು ತಿಂಗಳಾದ ಮೇಲೆ ಅದೇ ಮನೆಯವರು ಸೊಂಟ ಹಿಡಿದುಕೊಂಡು ಬರುತ್ತಿದ್ದರು. ಗಂಡನನ್ನು ಎತ್ತಿದ ಹೆಂಡತಿ, ಅತ್ತೆಯನ್ನು ಎತ್ತಿದ ಸೊಸೆ, ಅಣ್ಣನನ್ನು ಎತ್ತಿದ ತಮ್ಮ. ಅವಳ ಸ್ವಂತ ಅಮ್ಮನೇ ಮೂರು ವರ್ಷ ಅಜ್ಜಿಯನ್ನು ಎತ್ತಿ ಇಳಿಸಿ, ಈಗ ನೆಲಕ್ಕೆ ಬಿದ್ದ ಚಮಚ ತೆಗೆಯಬೇಕಾದರೂ ಮಗಳನ್ನು ಕೂಗುತ್ತಿದ್ದರು.

ಬಂದವರ ವಿವರವನ್ನೆಲ್ಲ ಅವಳು ಆರು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅದನ್ನೇ ಲೇಖನ ಮಾಡಿ ತಂದಿದ್ದಳು.

ಅವನು ಕೊನೆಯ ಪುಟ ಮುಗಿಸಿ ಕನ್ನಡಕ ತೆಗೆದ.

"ಇವರೆಲ್ಲ ನೋವು ಬಂದು ನಿಮ್ಮ ಹತ್ತಿರ ಬಂದೋರು. ನೋವು ಬರದೇ ಮನೆಯಲ್ಲೇ ಉಳಿದೋರು ಎಷ್ಟು ಜನ?"

"ಅದು... ನನಗೆ ಹೇಗೆ ಗೊತ್ತಾಗುತ್ತೆ?"

"ಗೊತ್ತು ಮಾಡ್ಕೋಬೇಕು. ಅದಕ್ಕೆ ಅಧ್ಯಯನ ಮಾಡಬೇಕು, ಅಧ್ಯಯನಕ್ಕೆ ಅನುದಾನ ಬೇಕು. ನಿಮ್ಮಂಥೋರಿಗೇ ಅಂತ ಇರೋದನ್ನ ನಾನು ಹುಡುಕಿ ಕೊಡ್ತೀನಿ. ಸಂಜೆ ಐದಕ್ಕೆ ಬರ್ತೀರಾ?"

ಬರಲ್ಲ ಅನ್ನಬೇಕೆಂದುಕೊಂಡಳು. "ಐದೂ ಕಾಲಿಗೆ," ಅಂದಳು.

ಹೀಗೆ ಶುರುವಾಯಿತು.

ಅವನು ಹುಡುಕುವ ರೀತಿಯೇ ಬೇರೆ. ದೊಡ್ಡ ದೊಡ್ಡ ಸಂಸ್ಥೆಗಳ ಜಾಹೀರಾತನ್ನು ಅವಳು ಆಸೆಯಿಂದ ತೋರಿಸಿದರೆ, ಅವನು ನೇರವಾಗಿ ಕೊನೆಯ ಪುಟಕ್ಕೆ ಹೋಗಿ "ಡಾಕ್ಟರೇಟ್ ಕೇಳ್ತಾರೆ", "ಬರೀ ಔಷಧಿಗೆ ಕೊಡ್ತಾರೆ" ಎಂದು ಒಂದೊಂದನ್ನೇ ಬದಿಗಿಡುತ್ತಿದ್ದ. ಎಂಟು ದಿನ ಜರಡಿ ಹಿಡಿದ ಮೇಲೆ ಒಂದು ಸಿಕ್ಕಿತು. ಆರೋಗ್ಯ ಮತ್ತು ಸಮಾಜ ಸೇವೆಯ ನಿಧಿಯೊಂದು, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರ ಬಗ್ಗೆ ಸಣ್ಣ ಅಧ್ಯಯನಗಳಿಗೆ ಅನುದಾನ ಕೊಡುತ್ತಿತ್ತು. ಅರ್ಜಿಗೆ ಏಳು ವಾರ ಸಮಯವಿತ್ತು.

"ನಿಮ್ಮ ಪ್ರಶ್ನೆ ಏನು? ಒಂದೇ ವಾಕ್ಯದಲ್ಲಿ ಹೇಳಿ," ಎನ್ನುತ್ತಿದ್ದ ಅವನು.

ಅವಳು ಹೇಳುತ್ತಿದ್ದಳು.

"ಇದರಲ್ಲಿ ನಾಲ್ಕು ಪ್ರಶ್ನೆ ಇದೆ. ಮೂರನ್ನ ಮನೆಗೆ ಕಳಿಸಿ."

ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ, ಮಧ್ಯಾಹ್ನ ಯಾರದೋ ತೋಳು ಹಿಡಿದು ನಡೆಸುತ್ತಿರುವಾಗಲೂ ಅವಳ ಕಣ್ಣು ಗೋಡೆ ಗಡಿಯಾರದ ಕಡೆ ಹೋಗತೊಡಗಿತು. ಅವಳ ಬ್ಯಾಗಿನಲ್ಲಿ ಬಿಸ್ಕತ್ತಿನ ಪೊಟ್ಟಣ ದಿನಾ ಇರುತ್ತಿತ್ತು, ಏಕೆಂದರೆ ಅವನು ಮಧ್ಯಾಹ್ನದ ಚಹಾ ಮರೆಯುತ್ತಾನೆಂದು ಅವಳು ಕಂಡುಕೊಂಡಿದ್ದಳು. ಗ್ರಂಥಾಲಯದಲ್ಲಿ ತಿನ್ನುವಂತಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು.

ಒಂದು ದಿನ ಅಮ್ಮ ಕೇಳಿದರು. "ಯಾರೇ ಅದು ಗ್ರಂಥಪಾಲಕ್ರು? ಊಟಕ್ಕೆ ಕೂತ್ರೆ 'ಅವರು ಹೀಗಂದ್ರು', ಎದ್ರೆ 'ಅವರು ಹಾಗಂದ್ರು'. ಮನೇಲಿ ಮೂರನೇ ತಟ್ಟೆ ಹಾಕ್ಲಾ?"

"ಏನಮ್ಮಾ ನೀನು... ಅವರು ಬರೀ ಸಹಾಯ ಮಾಡ್ತಿದಾರೆ."

"ನಾನೇನು ಬೇರೆ ಅಂದ್ನಾ?" ಎಂದು ಅಮ್ಮ ಸುಮ್ಮನಾದರು. ಮುಖದ ನಗು ಸುಮ್ಮನಾಗಲಿಲ್ಲ.

ಅರ್ಜಿ ಕಳಿಸಲು ಹತ್ತು ದಿನ ಉಳಿದಿತ್ತು. ಅಂದು ಅವಳು ಎಂದಿನಂತೆ ಐದೂ ಕಾಲಿಗೆ ಬಂದು, ತಿದ್ದಿದ ಹಾಳೆಗಳನ್ನು ಅವನ ಮುಂದಿಟ್ಟಳು.

ಅವನು ಮುಟ್ಟಲಿಲ್ಲ.

"ಇನ್ನು ಮೇಲೆ ನಾನು ನಿಮ್ಮ ಅರ್ಜಿ ನೋಡೋಕಾಗಲ್ಲ," ಎಂದ.

ಅವಳು ತಮಾಷೆ ಎಂದುಕೊಂಡಳು. ಅವನ ಮುಖ ನೋಡಿದರೆ ತಮಾಷೆಯಂತಿರಲಿಲ್ಲ.

"ಯಾಕೆ? ನಾನೇನಾದ್ರೂ ತಪ್ಪು..."

"ನಿಮ್ಮ ತಪ್ಪಿಲ್ಲ. ಕಾರಣ ಹೇಳೋಕೂ ಆಗಲ್ಲ. ಫಲಿತಾಂಶ ಬರೋವರೆಗೂ ನೀವು ಇಲ್ಲಿಗೆ ಬರದೇ ಇದ್ರೆ ಒಳ್ಳೇದು. ದಯವಿಟ್ಟು..."

ಅವಳು ಹಾಳೆಗಳನ್ನು ಎತ್ತಿಕೊಂಡಳು. ಒಂದು ಹಾಳೆ ಕೈಜಾರಿ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಡಲು ಹೋದ. "ಬೇಡ ಬಿಡಿ," ಎಂದು ತಾನೇ ಎತ್ತಿಕೊಂಡು ಹೊರಬಂದಳು.

ಮೆಟ್ಟಿಲು ಇಳಿಯುವಾಗ ಕಣ್ಣು ಮಂಜಾಯಿತು. ಆರು ವಾರ ದಿನಾ ಬಂದೆನಲ್ಲ... ಯಾರಾದರೂ ಏನಾದರೂ ಅಂದಿರಬೇಕು. ಅಥವಾ ನಾನೇ ಅಂಟಿಕೊಂಡೆನೇನೋ. ಅವನಿಗೆ ಸಾಕಾಗಿರಬೇಕು. ಸಲಿಗೆ ಕೊಟ್ಟನೆಂದು ನಾನೇ ಇಲ್ಲದ್ದನ್ನೆಲ್ಲ ಕಟ್ಟಿಕೊಂಡೆ...

ಆ ಹತ್ತು ದಿನ ಅವಳು ಒಬ್ಬಳೇ ಕೂತು ಬರೆದಳು. ಹಠ ಬಂದಿತ್ತು. ನಾಲ್ಕು ಪ್ರಶ್ನೆಗಳಲ್ಲಿ ಮೂರನ್ನು ಮನೆಗೆ ಕಳಿಸಿದಳು. ಗಡುವಿಗೆ ಒಂದು ದಿನ ಮುಂಚೆಯೇ ಅರ್ಜಿ ಸಲ್ಲಿಸಿದಳು.

ಒಂದು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು. ನಿಧಿಯ ಕಚೇರಿಯ ಉದ್ದ ಮೇಜಿನ ಹಿಂದೆ ನಾಲ್ಕು ಕುರ್ಚಿಗಳಿದ್ದವು. ಮೂರರಲ್ಲಿ ಜನ ಇದ್ದರು, ಒಂದು ಖಾಲಿ.

"ನೀವು ತಿಳ್ಕೋಬೇಕು ಅಂತಿರೋದು ಏನಮ್ಮಾ?" ಎಂದು ಕೇಳಿದರು ನಡುವೆ ಕೂತಿದ್ದ ಹಿರಿಯ ಡಾಕ್ಟರ್.

"ರೋಗಿಯನ್ನ ಮನೆಗೆ ಕಳಿಸೋ ಮುಂಚೆ ಮನೆಯವರಿಗೆ ಮೂರು ದಿನ ಎತ್ತೋದು ಕಲಿಸಿದ್ರೆ, ಆರು ತಿಂಗಳ ಮೇಲೆ ಅವರ ಬೆನ್ನು ನೋಯೋದು ಕಮ್ಮಿ ಆಗುತ್ತಾ, ಇಲ್ವಾ? ಅಷ್ಟೇ ಸಾರ್."

ಡಾಕ್ಟರ್ ಪೆನ್ನು ಕೆಳಗಿಟ್ಟು, "ನನ್ನ ಹೆಂಡತಿಗೂ ಯಾರಾದ್ರೂ ಇದನ್ನ ಕಲಿಸಬೇಕಿತ್ತು," ಅಂದರು.

ಆ ಸಂತೋಷ ಎರಡು ದಿನವೂ ಉಳಿಯಲಿಲ್ಲ. ಅದೇ ದಿನ ಸಂದರ್ಶನಕ್ಕೆ ಬಂದಿದ್ದ ಪಕ್ಕದ ವಾರ್ಡಿನ ಸಿಸ್ಟರ್ ಮರುದಿನ ಊಟದ ಹೊತ್ತಿಗೆ ಸುದ್ದಿ ತಂದಳು.

"ನಮ್ಮ ಗ್ರಂಥಪಾಲಕರು ಆ ಸಮಿತಿಯಲ್ಲಿ ಇದ್ರು, ಗೊತ್ತಾ? ನಮ್ಮನ್ನೆಲ್ಲ ಅವರೂ ಪ್ರಶ್ನೆ ಕೇಳಿದ್ರು. ನಿಮ್ಮ ಅರ್ಜಿ ಬಂದ ತಕ್ಷಣ ಎದ್ದು ಹೊರಗೆ ಹೋದ್ರಂತೆ."

ಖಾಲಿ ಕುರ್ಚಿ ಅವನದಾಗಿತ್ತು.

ಗಾಯದ ಮೇಲೆ ಉಪ್ಪು ಸುರಿದಂತಾಯಿತು. ಎಲ್ಲರದನ್ನೂ ಕೇಳಿದವನಿಗೆ ನನ್ನದನ್ನು ಕೇಳುವ ತಾಳ್ಮೆಯಿರಲಿಲ್ಲವೇ? ನನ್ನ ಮುಖ ನೋಡಲೂ ಬೇಡವಾಯಿತೇ? ಅಂದಿನಿಂದ ಅವಳು ಎರಡನೇ ಮಹಡಿಯ ಮೆಟ್ಟಿಲನ್ನೇ ಬಿಟ್ಟು, ಸುತ್ತು ಹಾಕಿ ಹಿಂದಿನ ಇಳಿಜಾರಿನಿಂದ ಹೋಗತೊಡಗಿದಳು.

ಮೂರು ವಾರ ಕಳೆದ ಮೇಲೆ ಪತ್ರ ಬಂತು. ಅವಳ ಅಧ್ಯಯನ ಆಯ್ಕೆಯಾಗಿತ್ತು.

ಅಮ್ಮ ಸೊಂಟ ಮರೆತು ಎದ್ದು ಬಂದು ಅಪ್ಪಿಕೊಂಡರು. ಅವಳೂ ನಕ್ಕಳು, ಅತ್ತಳು. ಆದರೂ ಒಳಗೆಲ್ಲೋ ಒಂದು ಮುಳ್ಳು... ಇದನ್ನು ಮೊದಲು ಹೇಳಬೇಕಿದ್ದ ಮನುಷ್ಯನ ಹತ್ತಿರ ಮಾತೇ ಇಲ್ಲ.

ಮಾರನೆಯ ದಿನ ಒಪ್ಪಂದಕ್ಕೆ ಸಹಿ ಹಾಕಲು ನಿಧಿಯ ಕಚೇರಿಗೆ ಹೋದಳು. ಸಮಿತಿಯ ಕಾರ್ಯದರ್ಶಿ, ನಿವೃತ್ತಿಗೆ ಹತ್ತಿರವಾದ ಹೆಂಗಸು, ಒಂದೊಂದೇ ಪುಟ ತಿರುಗಿಸಿ ಬೆರಳಿಟ್ಟು ತೋರಿಸಿದರು. ಎಲ್ಲ ಸಹಿ ಮುಗಿದ ಮೇಲೂ ಅವಳು ಏಳಲಿಲ್ಲ.

"ಮೇಡಂ, ಒಂದು ಮಾತು. ನನ್ನ ಅರ್ಜಿ ಬಂದಾಗ ಒಬ್ಬರು ಸದಸ್ಯರು ಎದ್ದು ಹೋದರಂತೆ. ಯಾಕೆ ಅಂತ ನನಗೆ ತಿಳ್ಕೊಳ್ಳೋ ಹಕ್ಕಿದೆಯಾ?"

ಕಾರ್ಯದರ್ಶಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. "ಇದೆ. ಫಲಿತಾಂಶ ಬಂದ ಮೇಲೆ ಅರ್ಜಿದಾರರು ಕೇಳಿದ್ರೆ ಸಭೆಯ ವರದಿ ತೋರಿಸಬೇಕು. ಆದ್ರೆ ಇದುವರೆಗೂ ಯಾರೂ ಕೇಳಿಲ್ಲ."

ಫೈಲು ತೆಗೆದು ಒಂದು ಪುಟ ಅವಳ ಮುಂದಿಟ್ಟರು.

'ನಾಲ್ಕನೆಯ ಅರ್ಜಿಯ ಚರ್ಚೆಯ ಸಮಯದಲ್ಲಿ ಗ್ರಂಥಪಾಲಕ ಸದಸ್ಯರು ಕೊಠಡಿಯಿಂದ ಹೊರಗಿದ್ದರು. ಅವರು ಮೊದಲೇ ಬರೆದುಕೊಟ್ಟ ಕಾರಣ: ಈ ಅರ್ಜಿದಾರರನ್ನು ನಾನು ಇಷ್ಟಪಡುತ್ತೇನೆ. ಅವರಿಗೆ ಇದು ಗೊತ್ತಿಲ್ಲ. ನಾನು ಕೊಡುವ ಅಂಕ ನ್ಯಾಯದ ಅಂಕವಾಗಲಾರದು.'

ಅವಳು ಓದಿದಳು. ಮತ್ತೆ ಓದಿದಳು.

"ಮೂವತ್ತು ವರ್ಷದಲ್ಲಿ ಕಾರಣ ಬರೆಯೋ ಆ ಜಾಗದಲ್ಲಿ ನಾನು ಏನೇನೋ ನೋಡಿದೀನಿ," ಎಂದರು ಕಾರ್ಯದರ್ಶಿ. "ಅಣ್ಣನ ಮಗ, ಭಾವಮೈದ, ಹಳೇ ಶಿಷ್ಯೆ. ಇಂಥದ್ದು ಇದೇ ಮೊದಲು. ಅವರನ್ನ ಸಮಿತಿಗೆ ಹಾಕಿದ್ದು ಕೊನೇ ಗಳಿಗೆಯಲ್ಲಿ, ಇನ್ನೊಬ್ಬರಿಗೆ ಹುಷಾರಿಲ್ಲ ಅಂತ. ಸದಸ್ಯರು ಯಾರು ಅಂತ ಅರ್ಜಿದಾರರಿಗೆ ಹೇಳಬಾರದು ಅನ್ನೋದು ನಿಯಮ. ಪಾಪ, ಬಾಯಿಗೆ ಬೀಗ ಹಾಕಿದ್ದು ನಾವೇ."

ಅವಳು ಎದ್ದಳು. ಬ್ಯಾಗು ಕುರ್ಚಿಯ ಮೇಲೇ ಉಳಿದಿತ್ತು. ಕಾರ್ಯದರ್ಶಿ ಕೂಗಿ ಕರೆದು ಕೊಟ್ಟರು.

ಎರಡನೇ ಮಹಡಿಯ ಮೆಟ್ಟಿಲು ಹತ್ತಿ ಬಂದಾಗ ಅವನು ಬಾಗಿಲಿಗೆ ಬೆನ್ನು ಹಾಕಿ, ಓದಿ ಬಿಟ್ಟ ಪತ್ರಿಕೆಗಳನ್ನು ಕಪಾಟಿಗೆ ಜೋಡಿಸುತ್ತಿದ್ದ. ಎರಡು ತಿಂಗಳಲ್ಲಿ ಸೊರಗಿದ್ದಾನೆ ಅನ್ನಿಸಿತು.

"ಅನುದಾನ ಬಂತು," ಎಂದಳು.

ಅವನು ತಿರುಗಿದ. ಮುಖವೆಲ್ಲ ಅರಳಿತು, ತಕ್ಷಣ ಹೆದರಿದಂತೆ ಮುದುಡಿತು. "ಗೊತ್ತಾಯ್ತು. ನಿಮ್ಮನ್ನ ಹುಡುಕ್ಕೊಂಡು ಬರಬೇಕು ಅಂತಿದ್ದೆ. ಆದ್ರೆ ಒಪ್ಪಂದಕ್ಕೆ ಸಹಿ ಬೀಳೋವರೆಗೂ..."

"ಸಹಿ ಬಿತ್ತು. ಸಭೆಯ ವರದಿನೂ ಓದ್ದೆ."

ಅವನ ಕೈಯಲ್ಲಿದ್ದ ಪತ್ರಿಕೆ ತಪ್ಪು ಖಾನೆಯಲ್ಲಿ ಕೂತಿತು.

"ಅದನ್ನ ಯಾರೂ ಕೇಳಲ್ಲ ಅಂದ್ಕೊಂಡಿದ್ದೆ," ಎಂದ ಮೆತ್ತಗೆ.

"ಎರಡು ತಿಂಗಳು ನಾನು ಹೇಗಿದ್ದೆ ಗೊತ್ತಾ ನಿಮಗೆ? ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಕಟ್ಟಡ ಸುತ್ತಿ ಓಡಾಡಿದೀನಿ. ನನ್ನ ಮುಖ ಕಂಡ್ರೇ ಆಗಲ್ಲ ಅಂತ ಎದ್ದು ಹೋದ್ರಿ ಅಂದ್ಕೊಂಡೆ."

"ಆ ಕೊಠಡಿಯ ಹಿಂಬಾಗಿಲ ಹೊರಗೇ ನಿಂತಿದ್ದೆ. ನಿಮ್ಮ ಧ್ವನಿ ಮಾತ್ರ ಕೇಳಿಸ್ತಿತ್ತು, ಮಾತು ಕೇಳಿಸ್ತಿರಲಿಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಿಮ್ಮನ್ನ ನೋಯಿಸ್ತಿದೀನಿ ಅಂತ ಗೊತ್ತಿತ್ತು. ನಾನು ಒಳಗೆ ಕೂತಿದ್ರೆ, ನಾಳೆ ಯಾರಾದ್ರೂ 'ಅವಳಿಗೆ ಸಿಕ್ಕಿದ್ದು ಅವನಿಂದ' ಅಂತಿದ್ರು. ಅದು ನಿಮ್ಮ ಆರು ವರ್ಷದ ಕೆಲಸ. ಅದರ ಮೇಲೆ ನನ್ನ ನೆರಳು ಬೀಳಬಾರದಿತ್ತು."

ಅವಳ ಕಣ್ಣೀರು ತಾನಾಗಿ ಇಳಿಯಿತು. ಇಷ್ಟು ದಿನ ಬೇಡವಾದೆನೆಂದು ಅತ್ತಿದ್ದಳು, ಈಗ ಅವನಿಗೆ ಎಷ್ಟು ಬೇಕಾಗಿದ್ದೆನೆಂದು ತಿಳಿದು ಅಳು ಬಂತು.

"ಸಮಿತಿಗೆ ಬರೆದುಕೊಟ್ರಲ್ಲ," ಎಂದಳು ಕಣ್ಣೊರೆಸಿಕೊಂಡು, "ನನಗೆ ಬಾಯಿಬಿಟ್ಟು ಹೇಳಲ್ವಾ?"

"ನಿಮ್ಮನ್ನ ಇಷ್ಟಪಡ್ತೀನಿ. ಮೂರನೇ ಪುಟದಿಂದ." ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದ. "ನಿಮ್ಮ ಅಭಿಪ್ರಾಯ..."

"ನಮ್ಮಮ್ಮ ಮನೇಲಿ ಮೂರನೇ ತಟ್ಟೆ ಹಾಕಿ ಆಗಲೇ ಎರಡು ತಿಂಗಳಾಯ್ತು. ಭಾನುವಾರ ಊಟಕ್ಕೆ ಬನ್ನಿ."

ಆ ಭಾನುವಾರ ಅವನು ಬಂದ. ಅದರ ಮುಂದಿನ ಭಾನುವಾರವೂ ಬಂದ. ವರ್ಷ ತುಂಬುವುದರೊಳಗೆ ಆ ಮನೆಯ ಅಳಿಯನಾದ.

ಅಧ್ಯಯನಕ್ಕೆ ಎರಡು ವರ್ಷ ಹಿಡಿಯಿತು. ಎಂಬತ್ತನಾಲ್ಕು ಮನೆಗಳು. ಮೂರು ದಿನ ಕಲಿತವರ ಮನೆಗಳಲ್ಲಿ ಬೆನ್ನುನೋವು ಅರ್ಧಕ್ಕಿಂತ ಕಮ್ಮಿಯಾಗಿತ್ತು. ಅವಳು ಕಲಿಸುವ ಹತ್ತು ನಿಮಿಷವನ್ನು ಆಸ್ಪತ್ರೆ ಮೂರು ದಿನ ಮಾಡಿತು. ಇನ್ನು ಉಳಿದದ್ದು ಪ್ರಕಟಣೆ. ಗಂಡ ಹೆಂಡತಿ ಕೂತು, ಇಂಥ ಲೇಖನ ಹಾಕುವ ಪತ್ರಿಕೆಗಳನ್ನು ಹುಡುಕಿದರು. ಮೊದಲ ಪತ್ರಿಕೆ ಹತ್ತೇ ದಿನದಲ್ಲಿ ಹಿಂದಿರುಗಿಸಿತು. ಎರಡನೆಯದು ವಿಮರ್ಶಕರ ಪ್ರಶ್ನೆಗಳನ್ನು ಮೂರು ಪುಟ ಕಳಿಸಿತು. ಉತ್ತರ ಬರೆದವಳು ಅವಳೇ. ಅವನು ಪಕ್ಕದಲ್ಲಿ ಕೂತು ಬಟಾಣಿ ಬಿಡಿಸಿಕೊಟ್ಟ.

ಒಂದು ಸಂಜೆ, ಡ್ಯೂಟಿ ಮುಗಿಯುವ ಹೊತ್ತಿಗೆ, ಮೇಲ್ ಬಂತು.

ಅವಳು ಗ್ರಂಥಾಲಯದ ಬಾಗಿಲಲ್ಲಿ ಬಂದು ನಿಂತಾಗ ಅವನು ಯಾರಿಗೋ ಪುಸ್ತಕ ಕೊಟ್ಟು ಕಳಿಸುತ್ತಿದ್ದ. ಅವಳ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಒಪ್ಪಿದ್ರಾ?"

ಅವಳು ತಲೆಯಾಡಿಸಿದಳು.

ಅವನು ಮೇಜು ಬಳಸಿ ಬಂದು ಅವಳ ಎರಡೂ ಕೈ ಹಿಡಿದ.

"ಅಮ್ಮನಿಗೆ ಹೇಳಿದ್ಯಾ?"

"ಇಲ್ಲ ರೀ. ಮೊದಲು ನಿಮಗೆ."

"ಮುಚ್ಚೋಕೆ ಇನ್ನೂ ಹತ್ತು ನಿಮಿಷ ಇದೆ," ಎಂದ ಅವನು, ಅವಳ ಕೈ ಬಿಡದೆ.

"ಇರಲಿ, ಕಾಯ್ತೀನಿ," ಎಂದಳು ಅವಳು. "ಒಟ್ಟಿಗೇ ಹೋಗೋಣ."